ಎರಡನೇ ಮಾನಿಟರಿಗೊಂದು ಕುರ್ಚಿ

ನಾನು ಮನೆಯಲ್ಲೇ ಕೂತು ಪುಸ್ತಕಗಳ ಕರಡು ತಿದ್ದುವವಳು. ಅತ್ತೆ ಲೇಖಕರ ಕೈಬರಹವನ್ನು ಗಟ್ಟಿಯಾಗಿ ಓದುತ್ತಿದ್ದರು, ನಾನು ಕಂಪ್ಯೂಟರಿನಲ್ಲಿ ಅಚ್ಚಿನ ಪುಟ ನೋಡಿ ತಪ್ಪು ಹಿಡಿಯುತ್ತಿದ್ದೆ. ನಡುನಡುವೆ ಅವರ ಟೀಕೆ ಬೇರೆ: "ಈ ನಾಯಕ ಶುದ್ಧ ಪೆದ್ದ ಕಣೇ!" ದಿನಕ್ಕೆ ಮೂವತ್ತು ಪುಟ ಮುಗಿದರೆ ಪುಣ್ಯ.

ನನ್ನ ಗಂಡ ಎರಡನೇ ಮಾನಿಟರ್ ತಂದಿಟ್ಟ. ಒಂದರಲ್ಲಿ ಸ್ಕ್ಯಾನ್ ಮಾಡಿದ ಕೈಬರಹ, ಇನ್ನೊಂದರಲ್ಲಿ ಅಚ್ಚಿನ ಪುಟ. ಕೆಲಸ ಹೋದ ಅತ್ತೆ ಮುಖ ಊದಿಸಿಕೊಂಡು ಒಳಗೆ ಹೋದರು. ಹಿಂದಿನ ದಿನ ಇಬ್ಬರೂ ಸೇರಿ ಶುರುಮಾಡಿದ್ದ ಪತ್ತೇದಾರಿ ಕಾದಂಬರಿಯಲ್ಲಿ ಮಧ್ಯಾಹ್ನದೊಳಗೆ ತೊಂಬತ್ತು ಪುಟ ಮುಗಿದವು. ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಅತ್ತೆ ಬಾಗಿಲಿಗೆ ಬಂದರು. "ಆ ತೋಟಗಾರನ್ನ ಕೊಂದಿದ್ದು ಯಾರು?"

"ಗೊತ್ತಿಲ್ಲ ಅತ್ತೆ. ನಾನು ಅಕ್ಷರ ನೋಡ್ದೆ, ಕಥೆ ನೋಡ್ಲಿಲ್ಲ."

"ಅಯ್ಯೋ ನಿನ್ನ!" ಎಂದು ಅತ್ತೆ ಸ್ಟೂಲು ಎಳೆದುಕೊಂಡು, ಹೊಸ ಮಾನಿಟರನ್ನು ತಮ್ಮ ಕಡೆ ತಿರುಗಿಸಿಕೊಂಡರು. ಸಂಜೆಯ ಹೊತ್ತಿಗೆ ಚಪ್ಪಾಳೆ ತಟ್ಟಿ ಕೂಗಿದರು: "ನೋಡೇ, ಸತ್ತೋನು ಇಲ್ಲಿ ಗಿಡಕ್ಕೆ ನೀರು ಹಾಕ್ತಿದ್ದಾನೆ!"

ಆ ವಾಕ್ಯದಲ್ಲಿ ಒಂದಕ್ಷರವೂ ತಪ್ಪಿರಲಿಲ್ಲ. ನಾನೇ ಪಾಸು ಮಾಡಿದ್ದೆ! ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು.

ಗದ್ದಲ ಕೇಳಿ ಗಂಡ ಓಡಿಬಂದ. "ಏನಮ್ಮಾ, ಮಾನಿಟರ್ ಕೆಟ್ಟೋಯ್ತಾ?"

"ಅದು ಚೆನ್ನಾಗೇ ಇದೆ ಕಣೋ," ಎಂದರು ಅತ್ತೆ, ಪರದೆಯಿಂದ ಕಣ್ಣು ತೆಗೆಯದೆ. "ನಂಗೊಂದು ಒರಗೋ ಕುರ್ಚಿ ತಂದ್ಕೊಡು."