ಅಕ್ಕನೊಳಗೆ ಇಳಿದ ಕಬ್ಬಿಣ

ಅಕ್ಕ, ಭಾವ ನಡೆಸುವ ಟೀ ಅಂಗಡಿಯಲ್ಲಿ ಮನೆಯವರು ಯಾರೂ ನೀರು ಕುಡಿಯುವುದಿಲ್ಲ. ತಲೆನೋವಿಗೆ ಟೀ, ಜಗಳವಾದರೆ ಟೀ, ಟೀ ಕುಡಿದು ನಿದ್ದೆ ಬಾರದಿದ್ದರೆ ಅದಕ್ಕೂ ಟೀ. ಬೈದು ಬೈದು ನನ್ನ ಬಾಯಿ ನೊಂದದ್ದಷ್ಟೇ ಬಂತು.

ಅಕ್ಕನ ಗರ್ಭಕೋಶದಲ್ಲಿ ಗಡ್ಡೆಯಿತ್ತು. ತಿಂಗಳು ತಿಂಗಳೂ ರಕ್ತ ಹೋಗಿ ಸುಣ್ಣದಂತೆ ಬಿಳಿಚಿಕೊಂಡಿದ್ದಳು; ಅಂಗಡಿ ಮೇಲಿನ ನಮ್ಮ ಮನೆಗೆ ಮೆಟ್ಟಿಲು ಹತ್ತಿದರೆ ಏದುಸಿರು ಬಿಡುತ್ತಿದ್ದಳು. ಆಪರೇಷನ್ ಮಾಡಲೇಬೇಕು, ಆದರೆ ಇಷ್ಟು ಕಡಿಮೆ ರಕ್ತದಲ್ಲಿ ಮಾಡಿದರೆ ಜೀವಕ್ಕೇ ಸಂಚಕಾರ ಎಂದು ಡಾಕ್ಟರಮ್ಮ ಕಬ್ಬಿಣದ ಮಾತ್ರೆ ಬರೆದುಕೊಟ್ಟಿದ್ದರು. ಅಕ್ಕ ಒಂದು ದಿನವೂ ತಪ್ಪಿಸಲಿಲ್ಲ. ಆದರೂ ಪರೀಕ್ಷೆ ಮಾಡಿದಾಗ ರಕ್ತ ಏರಿರಲೇ ಇಲ್ಲ.

"ಮಾತ್ರೆ ಹೇಗೆ ತಗೊಳ್ತಿದ್ರಿ?" ಎಂದರು ಡಾಕ್ಟರಮ್ಮ.

ಭಾವ ಎದೆಯುಬ್ಬಿಸಿದರು. "ನಾನೇ ಕೊಡ್ತೀನಿ ಮೇಡಂ. ಬೆಳಿಗ್ಗೆ ಮೊದಲ್ನೇ ಸ್ಟ್ರಾಂಗ್ ಟೀ ಇವಳಿಗೇ. ಅದರ ಜೊತೆ ನುಂಗಿಸ್ತೀನಿ."

"ಅಯ್ಯೋ, ಟೀ ಆ ಕಬ್ಬಿಣಾನ ಮೈಗೆ ಹತ್ತೋಕೇ ಬಿಡಲ್ಲ ರೀ! ಇನ್ನು ಮಾತ್ರೆ ಅಂತ ಕಾಯೋಕಾಗಲ್ಲ, ಡ್ರಿಪ್ ಹಾಕಿ ಕಬ್ಬಿಣಾನ ನೇರ ನರಕ್ಕೇ ಕೊಡೋಣ."

ಭಾವನ ಮುಖ ನೋಡಲಾಗಲಿಲ್ಲ. ನಾಲಿಗೆ ತುದಿಗೆ ಬಂದ ಬೈಗುಳವನ್ನು ನುಂಗಿಕೊಂಡೆ.

ಡ್ರಿಪ್ಪಿನಲ್ಲಿದ್ದದ್ದು ಕಡುಕಂದು ದ್ರವ. ಬಾಗಿಲ ಚಿಲಕದಲ್ಲಿರುವ, ಬಾಣಲೆಯಲ್ಲಿರುವ ಅದೇ ಕಬ್ಬಿಣ ತೊಟ್ಟು ತೊಟ್ಟಾಗಿ ನನ್ನ ಅಕ್ಕನೊಳಗೆ ಇಳಿಯುತ್ತಿತ್ತು. ನಾನು ಬಾಯಿ ತೆರೆದುಕೊಂಡು ನೋಡುತ್ತಲೇ ಇದ್ದೆ.

"ಬಾಯಿ ಮುಚ್ಚೇ, ತುಕ್ಕೇನೂ ಹಿಡಿಯಲ್ಲ ನಂಗೆ" ಎಂದಳು ಅಕ್ಕ.

ಕೆಲವು ವಾರಗಳಲ್ಲಿ ತುಟಿಗೆ ಬಣ್ಣ ಬಂತು, ಆಮೇಲೆ ಉಗುರಿಗೆ. ಒಂದು ಬೆಳಿಗ್ಗೆ ಮಹಡಿ ಹತ್ತಿ ಬಂದವಳೇ, ಹಾಲು ಉಕ್ಕಿಸಿದ್ದಕ್ಕೆ ಒಂದೇ ಉಸಿರಿನಲ್ಲಿ ನನ್ನ ಜನ್ಮ ಜಾಲಾಡಿದಳು. ಏದುಸಿರೇ ಇಲ್ಲ! ಯಾರೂ ರಕ್ತ ಕೊಟ್ಟಿರಲಿಲ್ಲ. ಮೂಳೆಯೊಳಗೆ, ಯಾರ ಕಣ್ಣಿಗೂ ಬೀಳದ ಕಡೆ, ಅವಳ ಮೈಯೇ ಅದನ್ನು ಹಗಲೂ ರಾತ್ರಿ ತಯಾರಿಸಿತ್ತು. ಅಂಥ ಕೆಲಸ ನಡೆಯುತ್ತಿದ್ದ ಮನೆಯಲ್ಲೇ ನಾನು ಗೊರಕೆ ಹೊಡೆದು ಮಲಗಿದ್ದೆನಲ್ಲ ಎನ್ನಿಸಿತು.

ಆಪರೇಷನ್ ದಿನ, ಬೇಕಾದೀತೆಂದು ರಕ್ತದ ಚೀಲಗಳನ್ನು ತೆಗೆದಿಟ್ಟಿದ್ದರು. ಭಾವ ಕೂರಲೇ ಇಲ್ಲ. ಬಾಗಿಲು ತೆರೆದಾಗಲೆಲ್ಲ ಬೆಚ್ಚುತ್ತಿದ್ದರು.

ಕೊನೆಗೆ ಡಾಕ್ಟರಮ್ಮ ಹೊರಗೆ ಬಂದರು. "ಚೆನ್ನಾಗಾಯ್ತು. ತೆಗೆದಿಟ್ಟಿದ್ದ ರಕ್ತ ಬೇಕಾಗಲೇ ಇಲ್ಲ. ಅವರದ್ದೇ ಸಾಕಾಯ್ತು."

ಭಾವ ಗೋಡೆಗೆ ಒರಗಿ ನನ್ನ ಕಡೆ ತಿರುಗಿದರು.

"ಹಾಗಾದ್ರೆ... ಟೀ ಕೊಟ್ಟು ಕೊಟ್ಟು ನನ್ನ ಕೈಯಾರೆ ಅವಳನ್ನ ಕೊಲ್ಲಲಿಲ್ಲ ಅಲ್ವೇನಮ್ಮಾ?"

ಅವರು ಇಷ್ಟು ವಾರ ಆ ಪ್ರಶ್ನೆಯ ಜೊತೆಗೇ ಅಂಗಡಿ ತೆರೆದು ಮುಚ್ಚಿದ್ದರೆಂದು ಆಗಷ್ಟೇ ತಿಳಿಯಿತು. ಅವರ ಕೈ ಹಿಡಿದು ಅಕ್ಕನ ಮಂಚದ ಬಳಿಗೆ ಕರೆದುಕೊಂಡು ಹೋದೆ.