ಏಳನೇ ಕುಳಿಯ ಸರ್ವೆ ಮರ

ಹಾಳುಬಿದ್ದಿದ್ದ ಗಾಲ್ಫ್ ಮೈದಾನವನ್ನು ನೂರು ವರ್ಷದ ಹಿಂದಿನ ರೂಪಕ್ಕೆ ತಂದವನೆಂದು ವಿನ್ಯಾಸಕಾರನಿಗೆ ಅಂದು, ಮೈದಾನ ಮತ್ತೆ ತೆರೆದ ದಿನ, ಹೊಗಳಿಕೆಯೋ ಹೊಗಳಿಕೆ. ಅವನು ಮಾತ್ರ ಮತ್ತೆ ಮತ್ತೆ ಹಿಂದಿನ ಸಾಲಿನ ಕಡೆ ನೋಡುತ್ತಿದ್ದ. ಬರಬೇಡ ಎಂದರೂ ಅಮ್ಮ ಬಂದುಬಿಟ್ಟಿದ್ದಳು.

ಅವನ ಅಪ್ಪ ಇದೇ ಮೈದಾನದ ಮಾಲಿಯಾಗಿದ್ದವನು, ಈಗ ಹಾಸಿಗೆ ಹಿಡಿದಿದ್ದ. ದೊಡ್ಡ ಮಗ ಹತ್ತೊಂಬತ್ತಕ್ಕೇ ಜ್ವರದಲ್ಲಿ ತೀರಿಕೊಂಡಾಗ, ಏಳನೇ ಕುಳಿಯ ಪಕ್ಕ ಅವನ ಹೆಸರಲ್ಲಿ ಒಂದು ಸರ್ವೆ ಸಸಿ ನೆಟ್ಟಿದ್ದ. ಅದು ಮುಗಿಲೆತ್ತರ ಬೆಳೆಯಿತು. ಆದರೆ ಮೂಲ ನಕ್ಷೆಯಲ್ಲೂ ಹಳೇ ಫೋಟೋದಲ್ಲೂ ಅಲ್ಲಿದ್ದದ್ದು ಚೆಂಡಿಗೆ ಅಡ್ಡವಾಗಿ ತೋಡಿದ ಮರಳಿನ ಗುಂಡಿ. ಕಡಿಯುವ ಮರಗಳಿಗೆ ಗುರುತು ಹಾಕಿಸುವಾಗ ವಿನ್ಯಾಸಕಾರ ‘ಇದೊಂದು ಇರಲಿ’ ಎನ್ನಬಹುದಿತ್ತು. ತನ್ನವರದ್ದೆಂದು ಉಳಿಸಿಕೊಂಡ ಅಂತ ನಾಲ್ಕು ಜನ ಆಡಿಕೊಂಡಾರೆಂದು ತುಟಿ ಬಿಚ್ಚಲಿಲ್ಲ. ಮರ ಕಡಿದದ್ದನ್ನು ಮನೆಯಲ್ಲೂ ಹೇಳಲಿಲ್ಲ.

ಅಮ್ಮನನ್ನು ಬ್ಯಾಟರಿ ಗಾಡಿಯಲ್ಲಿ ಕೂರಿಸಿಕೊಂಡು ಸುತ್ತಿಸಿದ. ಆರನೆಯ ಕುಳಿ ದಾಟಿದ್ದೇ ಎಂಟನೆಯದರ ಕಡೆ ತಿರುಗಿಸಿದ.

“ಯಾಕೋ, ಏಳನೇದು ನಿಂಗೇನು ಮಾಡ್ತು?”

“ಅಲ್ಲಿ ಆಟ ನಡೀತಿದೆ ಅಮ್ಮ.”

“ನಡೀಲಿ ಬಿಡು. ನಿಮ್ಮಣ್ಣನ್ನ ನೋಡ್ಕೊಂಡು ಹೋಗೋಣ. ಎಷ್ಟು ಎತ್ತರ ಆಗಿದಾನೆ ಅಂತ ನಿಮ್ಮಪ್ಪ ಮಲಗಿದ್ದಲ್ಲಿಂದ್ಲೇ ಕೇಳ್ತಾರೆ.”

ಇನ್ನು ಮುಚ್ಚಿಡುವಂತಿರಲಿಲ್ಲ. ಗಾಡಿ ತಿರುಗಿಸಿದ. ಹಸಿರು ದಿಬ್ಬದ ಕೆಳಗೆ ಬಿಳಿ ಮರಳು ಕಣ್ಣು ಕುಕ್ಕುವಂತೆ ಹೊಳೆಯುತ್ತಿತ್ತು. ಅಮ್ಮ ಆ ಕಡೆ, ಈ ಕಡೆ ನೋಡಿದಳು. ಆಮೇಲೆ ಮಗನ ಮುಖ ನೋಡಿದಳು.

“ಹಳೇ ಫೋಟೋದಲ್ಲಿ ಇಲ್ಲಿ ಮರ ಇರಲಿಲ್ಲ ಅಮ್ಮ,” ಎಂದ ಅವನು.

“ಹಳೇ ಫೋಟೋದಲ್ಲಿ ನೀನೂ ಇರಲಿಲ್ಲವಲ್ಲೋ.”

ಅವಳು ಇಳಿದು ಹೋಗಿ ಮರಳಲ್ಲಿ ಕೂತುಬಿಟ್ಟಳು. ಹಿಂದಿನಿಂದ ಆಟಗಾರರು ಕೂಗಿದರು. ಕ್ಲಬ್ಬಿನ ಕಾರ್ಯದರ್ಶಿ ಓಡಿಬಂದು, “ಯಾರ್ರೀ ಈಯಮ್ಮ? ಎಬ್ಬಿಸ್ರೀ,” ಎಂದ.

“ನಮ್ಮಮ್ಮ. ಅವರಾಗೇ ಏಳೋ ತನಕ ಆಟ ನಿಲ್ಲಿಸಿ,” ಎಂದ ವಿನ್ಯಾಸಕಾರ. ಹೊಸ ಸೂಟಿನಲ್ಲೇ ಹೋಗಿ ಅವಳ ಪಕ್ಕ ಕೂತ. ಅವಳು ಸರಿದು ಕೂತಳು.

ಕೊನೆಗೆ ಸೆರಗಿನ ಮರಳು ಕೊಡವಿಕೊಂಡು ಎದ್ದು, “ನಿಮ್ಮಪ್ಪಂಗೆ ನೀನೇ ಹೇಳು. ನನ್ನ ಬಾಯಲ್ಲಿ ಹೇಳಿಸ್ಬೇಡ,” ಎಂದಳು.

ಮನೆಗೆ ಬಂದು ಅಪ್ಪನ ಮಂಚದ ಬಳಿ ನಿಂತು ಹೇಳಿದ. ಅಪ್ಪ ಸೂರು ನೋಡುತ್ತಾ ಕೇಳಿಸಿಕೊಂಡ.

“ಬೇರಾದ್ರೂ ಬಿಟ್ರಾ?”

“ಇಲ್ಲ ಅಪ್ಪ.”

“ಕಡಿಯೋವಾಗ ನೀನು ಹತ್ರ ಇದ್ದೆ ತಾನೆ?”

ಹೂಂ ಎನ್ನಲು ಬಾಯಿ ತೆರೆದ. ಆಗಲಿಲ್ಲ. “ಇರಲಿಲ್ಲ ಅಪ್ಪ. ಆಫೀಸಲ್ಲಿದ್ದೆ.”

“ಇರಬೇಕಾಗಿತ್ತು ಕಣೋ. ಒಬ್ಬನೇ ಬಿದ್ದ,” ಎಂದು ಅಪ್ಪ ಗೋಡೆಯ ಕಡೆ ಹೊರಳಿದ.

ಅಮ್ಮ ಅಡುಗೆಮನೆಯಲ್ಲಿ ದೀಪ ಹಾಕಿದಳು, ಊಟಕ್ಕೆ ಕರೆಯಲಿಲ್ಲ. ಹೋಗಲೋ ಇರಲೋ ತಿಳಿಯದೆ ಅವನು ಮಂಚದ ಕಾಲಿಗೆ ಒರಗಿ ಕೂತೇ ಇದ್ದ.