ಹೊಟ್ಟೆ ತುಂಬಿದೆ ಎನ್ನುವ ಮಾತು

ನಮ್ಮೂರಿನಲ್ಲಿ ತಟ್ಟೆಯ ಮುಂದೆ ಕುಳಿತವರು ಬಾಗಿಲು ಮುಚ್ಚುವುದಿಲ್ಲ. ದಾರಿಯಲ್ಲಿ ಯಾರು ಹೋದರೂ "ಬನ್ನಿ, ಉಣ್ಣಿ" ಎಂದು ಕೂಗುತ್ತಾರೆ. ಹೋಗುವವರು "ಹೊಟ್ಟೆ ತುಂಬಿದೆ" ಎಂದು ನಕ್ಕು ಮುಂದೆ ಹೋಗುತ್ತಾರೆ. ಬೆಳಗಿನಿಂದ ಹನಿ ನೀರು ಕಾಣದ ಹೊಟ್ಟೆಯಾದರೂ ಆಡುವ ಮಾತು ಅದೇ. ಕರೆದವರು ಅದನ್ನು ನಂಬಬಾರದು, ಇನ್ನೆರಡು ಸಲ ಒತ್ತಾಯಿಸಬೇಕು. ಮರ್ಯಾದೆ ಎಂದರೆ ಅದು. ಆ ಮರ್ಯಾದೆ ನಮ್ಮ ಅಕಾನಿಸಿಯನ್ನು ನುಂಗಿಹಾಕುವುದರಲ್ಲಿತ್ತು, ಅವಳ ಹೊಟ್ಟೆಯಲ್ಲಿದ್ದ ಕೂಸನ್ನೂ. ಈಗಲೂ ನೆನೆದರೆ ನನಗೆ ಸಿಟ್ಟು ಬರುತ್ತದೆ. ಯಾರ ಮೇಲೆ ಎಂದು ಮಾತ್ರ ತಿಳಿಯುವುದಿಲ್ಲ.

ಅಕಾನಿಸಿ ನನ್ನ ಅಕ್ಕ ತರೈವಿನಿಯ ಸೊಸೆ. ನಾನು ಅಕ್ಕನ ಪಕ್ಕದ ಮನೆಯಲ್ಲೇ ಚಾಪೆ ಹೆಣೆದುಕೊಂಡು ಇರುವವಳು. ನನ್ನ ಬಾಯಿ ಜೋರು ಎಂದು ಊರು ಹೇಳುತ್ತದೆ. ಊರಿನ ಕಿವಿ ಮೃದು, ಅಷ್ಟೆ.

ಹುಡುಗಿ ಸುವಾ ಪಟ್ಟಣದ ಕಡೆಯವಳು. ಮದುವೆಗೆ ಮೊದಲೇ ಅವಳಿಗೆ ಕರುಳಿನ ಕಾಯಿಲೆ ಅಂಟಿಕೊಂಡಿತ್ತು. ಕರುಳು ಒಂದು ಕಡೆ ಹುಣ್ಣಾಗಿ, ಮಾದು, ಮತ್ತೆ ಹುಣ್ಣಾಗಿ, ಕೊನೆಗೆ ದಾರಿಯೇ ಕಿರಿದಾಗಿದೆ ಎಂದು ಅಲ್ಲಿಯ ಡಾಕ್ಟರು ಹೇಳಿದ್ದರಂತೆ. ದಿನವೂ ಮಾತ್ರೆ. ನಾರಿನ ಪದಾರ್ಥ ಬೇಡ, ಒಮ್ಮೆಲೇ ಹೆಚ್ಚು ಬೇಡ. ಮೆತ್ತಗಿನದನ್ನು ಸ್ವಲ್ಪ ಸ್ವಲ್ಪವೇ ಮತ್ತೆ ಮತ್ತೆ ತಿನ್ನಬೇಕು. ಕೇಳುವುದಕ್ಕೆ ಎಷ್ಟು ಸುಲಭ! ನಾರಿಲ್ಲದ ಮರಗೆಣಸನ್ನು, ಗುಡ್ಡೆ ಹಾಕದ ತಟ್ಟೆಯನ್ನು ನಮ್ಮೂರಿನಲ್ಲಿ ಯಾರಾದರೂ ತೋರಿಸಲಿ ನೋಡೋಣ. ಹಿಂದಿನ ವರ್ಷ ಒಂದು ಬಸಿರು ನಾಲ್ಕನೇ ತಿಂಗಳಿಗೇ ಇಳಿದುಹೋಗಿತ್ತು. ಈ ಸಲ ಐದು ದಾಟಿತ್ತು. ಅವಳು ಅಂಗಳದಲ್ಲಿ ನಡೆದರೂ ನಾನು ಹೆಣಿಗೆ ಬಿಟ್ಟು ನೋಡುತ್ತಿದ್ದೆ.

ಹೊಟ್ಟೆ ಮುಂದೆ ಬರುತ್ತಿದ್ದ ಹಾಗೆ ಅವಳ ತೋಳು ಸೊರಗತೊಡಗಿತು. ಸೊಸೆಯ ತೋಳು ಸೊರಗಿದರೆ ನಮ್ಮಲ್ಲಿ ಸೊಸೆಯನ್ನು ಯಾರೂ ಏನೂ ಅನ್ನುವುದಿಲ್ಲ. ಅನ್ನುವುದು ಅತ್ತೆಯನ್ನು. ಸಲಾನಿಯೇತಾ ನಮಗೆ ಸಂಬಂಧದಲ್ಲಿ ಅತ್ತಿಗೆ. ಅತ್ತಿಗೆ ಆಡಿಕೊಂಡರೆ ಕೋಪಿಸಿಕೊಳ್ಳುವ ಹಾಗಿಲ್ಲ, ಆ ಸಲಿಗೆಯನ್ನು ಅವಳು ಒಂದು ದಿನವೂ ಖಾಲಿ ಬಿಟ್ಟವಳಲ್ಲ. ಚಾಪೆ ಹೆಣೆಯುತ್ತ ಹತ್ತಾರು ಹೆಂಗಸರು ಕುಳಿತಿದ್ದಾಗ ಎಲ್ಲರಿಗೂ ಕೇಳುವ ಹಾಗೆ ಹೇಳಿದಳು.

"ಏನೇ ತರೈವಿನಿ, ನಿನ್ನ ಸೊಸೆ ತೋಳು ನೋಡಿದ್ಯಾ? ಒಣಮೀನು ಇದ್ದ ಹಾಗಿದೆ. ನಿಮ್ಮನೇಲಿ ಒಲೆ ಹಚ್ಚೋದು ಬಿಟ್ಟುಬಿಟ್ರಾ?"

ಎಲ್ಲರೂ ನಕ್ಕರು. ಅಕ್ಕನೂ ನಕ್ಕಳು. ಮನೆಗೆ ಬಂದು ಸೊಸೆಯ ತಟ್ಟೆಗೆ ಮರಗೆಣಸು, ಅದರ ಮೇಲೆ ಕೆಸುವಿನ ಗೆಡ್ಡೆ, ಅದರ ಮೇಲೆ ತೆಂಗಿನ ಹಾಲಿನಲ್ಲಿ ಬೇಯಿಸಿದ ಕೆಸುವಿನ ಸೊಪ್ಪು ಸುರಿದು, "ಪೂರ್ತಿ ತಿನ್ನು, ನನ್ನ ಮಾನ ತೆಗೀಬೇಡ" ಎಂದಳು. ಹುಡುಗಿ ಅತ್ತೆಯ ಮುಖ ನೋಡಿ ಪೂರ್ತಿ ತಿಂದಳು. ಸ್ವಲ್ಪ ಹೊತ್ತಿಗೆ ಹಿತ್ತಿಲ ದೀವಿಹಲಸಿನ ಮರದ ಹಿಂದೆ ಬಾಗಿ ನಿಂತು ಎಲ್ಲವನ್ನೂ ಕಾರಿದಳು. ನಾನು ಬೆನ್ನು ನೀವಿದೆ.

"ಅತ್ತೆಗೆ ಹೇಳ್ಬೇಡಿ ಚಿಕ್ಕತ್ತೆ. ಪಾಪ, ಬೇಜಾರು ಮಾಡ್ಕೋತಾರೆ" ಎಂದಳು.

ಹೊಳೆಬಾಯಿಯ ಆಚೆ ದಡದಲ್ಲಿ ದಾದಿಯ ಚಿಕ್ಕ ಆಸ್ಪತ್ರೆ ಇದೆ. ತಿಂಗಳ ತಪಾಸಣೆಗೆ ಮೂವರೂ ಹೋದೆವು. ಸಿಸ್ಟರ್ ವಿಲಿಮೈನಾ ಹುಡುಗಿಯ ಹೊಟ್ಟೆಯ ಮೇಲೆ ಟೇಪು ಇಟ್ಟು ಅಳೆದಳು, ತೆಗೆದಳು, ಮತ್ತೆ ಅಳೆದಳು. ಎರಡನೇ ಸಲ ಅಳೆಯುವಾಗಲೇ ಏನೋ ಸರಿಯಿಲ್ಲವೆಂದು ನನಗೆ ತಿಳಿಯಿತು.

"ತಿಂಗಳಿಗೆ ತಕ್ಕ ಹಾಗೆ ಬೆಳೆದಿಲ್ಲ ಮಗು. ಏನು ತಿಂತಿದಾಳೆ ಇವಳು?"

"ತಟ್ಟೆ ತುಂಬ ಕೊಡ್ತೀನಿ ಸಿಸ್ಟರ್" ಎಂದಳು ಅಕ್ಕ.

"ನಿಮ್ಮನ್ನಲ್ಲಮ್ಮ ಕೇಳಿದ್ದು. ಅಕಾನಿಸಿ, ಹೊಟ್ಟೆ ತುಂಬ್ತಿದೆಯಾ?"

"ತುಂಬ್ತಿದೆ" ಎಂದಳು ಹುಡುಗಿ. ಅದು ಸುಳ್ಳಲ್ಲ. ನಾಲ್ಕು ತುತ್ತಿಗೇ ತುಂಬುವ ಹೊಟ್ಟೆ ಅದು. ಕೇಳಿದವಳಿಗೆ ಬೇರೆ ಅರ್ಥವಾಯಿತು. ಹೊತ್ತಿಗೊಮ್ಮೆ ಏನಾದರೂ ತಿನ್ನುತ್ತಿರಬೇಕು, ಬರುವ ತಿಂಗಳೂ ಹೀಗೇ ಇದ್ದರೆ ಹೆರಿಗೆಯವರೆಗೆ ಲಂಬಾಸಾದ ದೊಡ್ಡ ಆಸ್ಪತ್ರೆಯಲ್ಲೇ ಇರಬೇಕಾಗುತ್ತದೆ ಎಂದು ಹೇಳಿ ಸಿಸ್ಟರ್ ಮುಂದಿನವಳನ್ನು ಕರೆದಳು.

ಹೊತ್ತಿಗೊಮ್ಮೆ ತಿನ್ನುವುದು ಹೇಗೆ? ಬೇರೆ ಯಾರೂ ಉಣ್ಣದ ಹೊತ್ತಿನಲ್ಲಿ ಒಬ್ಬಳೇ ಬಾಗಿಲಲ್ಲಿ ಕುಳಿತು ತಿಂದರೆ ದಾರಿಹೋಕರನ್ನು ಕರೆಯಬೇಕು. ಕರೆಯದೆ ತಿಂದರೆ ಅದು ಕದ್ದು ತಿನ್ನುವುದು. ನಮ್ಮೂರಿನಲ್ಲಿ ಕೋಳಿ ಕದ್ದವನನ್ನು ಕ್ಷಮಿಸುತ್ತಾರೆ, ಕದ್ದು ತಿನ್ನುವವಳನ್ನು ಕ್ಷಮಿಸುವುದಿಲ್ಲ. ಅಕಾನಿಸಿ ಹಳೆಯ ಬಿಸ್ಕತ್ತಿನ ಡಬ್ಬಿಯಲ್ಲಿ ಬೇಯಿಸಿ ಹಿಸುಕಿದ ದೀವಿಹಲಸು, ಮುಳ್ಳು ಬಿಡಿಸಿದ ಮೀನು ಇಟ್ಟುಕೊಂಡು ಅಡುಗೆ ಗುಡಿಸಲಿನ ಹಿಂದೆ ಕುಳಿತು ತಿನ್ನತೊಡಗಿದಳು. ಕೆಲವು ದಿನ ಹಾಗೆ ನಡೆಯಿತು. ಅವಳ ಕೆನ್ನೆಗೆ ಸ್ವಲ್ಪ ಬಣ್ಣವೂ ಬಂತು. ಅಷ್ಟರಲ್ಲಿ ಸಲಾನಿಯೇತಾಳ ಕಣ್ಣಿಗೆ ಬಿದ್ದಳು, ಸಂಜೆಯೊಳಗೆ ಊರಿಗೆಲ್ಲ ಸುದ್ದಿಯಾಯಿತು.

ಅಕ್ಕ ಡಬ್ಬಿ ಕಿತ್ತುಕೊಂಡಳು.

"ನಾನು ನಿನಗೆ ಹಾಕಲ್ವೇನೇ? ಹಂದಿಮರಿ ಹಾಗೆ ಹಿತ್ತಿಲಲ್ಲಿ ಕೂತು ತಿಂತೀಯಲ್ಲ, ನಾಳೆ ಚರ್ಚಿಗೆ ಯಾವ ಮುಖ ಇಟ್ಕೊಂಡು ಹೋಗ್ಲಿ ನಾನು?"

"ಅಕ್ಕಾ, ಸಿಸ್ಟರ್ ಹೇಳಿದ್ದು ನಿನ್ನ ಕಿವಿಗೆ ಬೀಳ್ಲಿಲ್ವಾ?" ಎಂದೆ ನಾನು.

"ನೀನು ಬಾಯಿ ಮುಚ್ಚು. ಊರು ಆಡಿಕೊಳ್ಳೋದು ನನ್ನನ್ನ, ನಿನ್ನನ್ನಲ್ಲ."

ಅವಳ ಮಗ ನೆತಾನಿ, ಹುಡುಗಿಯ ಗಂಡ, ಬಲೆ ಬಿಡಿಸುತ್ತ ಕುಳಿತಿದ್ದವನು ತಲೆ ಎತ್ತಲಿಲ್ಲ. ಸಮುದ್ರದಲ್ಲಿ ಯಾವ ಅಲೆಗೂ ಹೆದರದವನು ಅಮ್ಮನ ದನಿಗೆ ಹೆದರುತ್ತಾನೆ. ಹುಡುಗಿ ಡಬ್ಬಿಯನ್ನು ಮತ್ತೆ ಕೇಳಲಿಲ್ಲ. ಊಟದ ಹೊತ್ತಿಗೆ ತಿನ್ನುವುದು, ಮರದ ಹಿಂದೆ ಹೋಗುವುದು, ಅಷ್ಟೇ ಉಳಿಯಿತು.

ಮುಂದಿನ ವಾರ ಸಲಾನಿಯೇತಾಳ ಮಗನ ಮದುವೆ. ನೆಲದೊಲೆಯಲ್ಲಿ ಬೆಂದ ಹಂದಿ, ಗೆಡ್ಡೆ, ಸೊಪ್ಪು, ಉದ್ದಕ್ಕೆ ಹಾಸಿದ ಬಟ್ಟೆಯ ತುಂಬ. ಬಸಿರಿಯೆಂದು ಅಕಾನಿಸಿಯನ್ನು ಮುಂದೆಯೇ ಕೂರಿಸಿದರು. ಸಲಾನಿಯೇತಾ ತಾನೇ ಬಡಿಸಿದಳು.

"ತಿನ್ನೇ ತಾಯಿ. ಅತ್ತೆ ಮನೇಲಿ ಕದ್ದು ತಿನ್ನಬೇಕು, ನಮ್ಮನೇಲಿ ರಾಜಾರೋಷವಾಗಿ ತಿನ್ನು."

ನಗು ಎದ್ದಿತು. ಅಕ್ಕನ ಮುಖ ಕಪ್ಪಿಟ್ಟಿತು. ಹುಡುಗಿ ಆ ಮುಖವನ್ನು ಒಮ್ಮೆ ನೋಡಿ ತಟ್ಟೆಗೆ ಕೈ ಹಾಕಿದಳು. ಇಡೀ ಊರು ನೋಡುತ್ತಿದ್ದ ಹಾಗೆ ನಾರು, ಗಂಟು ಒಂದನ್ನೂ ಬಿಡದೆ ತಿಂದಳು. ತಟ್ಟೆ ಅರ್ಧವಾಗುವಷ್ಟರಲ್ಲಿ ಹಣೆಯ ಮೇಲೆ ಬೆವರು ಮೂಡಿತ್ತು.

"ಹೊಟ್ಟೆ ತುಂಬಿದೆ" ಎಂದಳು. ಸಲಾನಿಯೇತಾ ನಕ್ಕು ಇನ್ನೊಂದು ಗೆಡ್ಡೆ ಹಾಕಿದಳು.

"ಹೊಟ್ಟೆ ತುಂಬಿದೆ" ಎಂದಳು ಮತ್ತೆ. ಸೊಪ್ಪು ಬಿತ್ತು.

ಮೂರನೆಯ ಸಲ ಅವಳು ನನ್ನ ಕಡೆ ತಿರುಗಿದಳು. "ಚಿಕ್ಕತ್ತೆ, ನಿಜವಾಗ್ಲೂ ತುಂಬಿದೆ."

"ನೋಡ್ರೇ" ಎಂದು ಸಲಾನಿಯೇತಾ ಕೈ ತಟ್ಟಿದಳು, "ಸುವಾ ಹುಡುಗಿ ಈಗ ಈ ಊರಿನ ಸೊಸೆ ಆದ್ಲು. ಮೂರು ಸಲ ಹೇಳಿದ್ಲು, ಲೆಕ್ಕಕ್ಕೆ ಸರಿಯಾಗಿ." ಎಲ್ಲರೂ ನಕ್ಕರು. ಅಕ್ಕನ ಮುಖ ಅರಳಿತು. ಹುಡುಗಿ ಅದನ್ನೂ ತಿಂದಳು.

ಮಧ್ಯಾಹ್ನ ಇಳಿಯುವ ಮೊದಲೇ ಅವಳು ಚಾಪೆಯ ಮೇಲೆ ಮುದುಡಿಕೊಂಡು ನರಳುತ್ತಿದ್ದಳು. ಹೊಟ್ಟೆ ಎಳನೀರಿನ ಕಾಯಿಯಂತೆ ಗಟ್ಟಿಯಾಗಿ ಬಿಗಿದಿತ್ತು. ಕಾರಿದರೆ ಹಸಿರು ನೀರು. ನೆತಾನಿ ಅವಳನ್ನು ಎತ್ತಿಕೊಂಡು ದೋಣಿಗೆ ಓಡಿದ. ಅಕ್ಕ ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಳು.

"ಮಗು ಅಲ್ಲಾಡ್ತಿದೆಯೇನೇ?"

"ಗೊತ್ತಾಗ್ತಿಲ್ಲ ಅತ್ತೆ."

ದೋಣಿ ಆಚೆ ದಡ ಮುಟ್ಟುವವರೆಗೆ ಅಕ್ಕ ಅದನ್ನೇ ಕೇಳಿದಳು, ಹುಡುಗಿ ಅದನ್ನೇ ಹೇಳಿದಳು.

ಸಿಸ್ಟರ್ ಹೊಟ್ಟೆಯ ಮೇಲೆ ಕೊಳವೆಯಂಥ ಯಂತ್ರ ಇಟ್ಟಳು. ಬರೀ ಗರಗರ. ಬೇರೆ ಕಡೆ ಇಟ್ಟಳು, ಅಲ್ಲೂ ಗರಗರ. ನಾನು ಕಣ್ಣು ಮುಚ್ಚಿ ನನಗೆ ಬರುವ ಪ್ರಾರ್ಥನೆಯನ್ನೆಲ್ಲ ಹೇಳಿದೆ, ಅರ್ಧಂಬರ್ಧ ಬರುವುದನ್ನೂ ಹೇಳಿದೆ. ಆಮೇಲೆ ಟಕಟಕ ಎಂದು ಕೇಳಿಸಿತು, ಬಹಳ ಅವಸರದಲ್ಲಿ ಯಾರೋ ಓಡುತ್ತಿರುವ ಹಾಗೆ.

"ಮಗು ಇದೆ" ಎಂದಳು ಸಿಸ್ಟರ್. "ಕರುಳು ಕಟ್ಟಿಕೊಂಡಿದೆ. ಲಂಬಾಸಾಕ್ಕೆ ಈಗಲೇ ಹೊರಡಬೇಕು."

ಲಂಬಾಸಾದಲ್ಲಿ ಬಾಯಿಗೆ ಏನೂ ಕೊಡದೆ ನರಕ್ಕೆ ನೀರು ಹಾಕಿ ಮಲಗಿಸಿದರು. ಕತ್ತರಿಸಬೇಕಾಗಬಹುದು ಎಂದರು, ಕಾದು ನೋಡೋಣ ಎಂದರು. ಆ ಕಾಯುವುದನ್ನು ನಾನು ನನ್ನ ಶತ್ರುವಿಗೂ ಬಯಸುವುದಿಲ್ಲ. ಅಕ್ಕ ಆಸ್ಪತ್ರೆಯ ಮೆಟ್ಟಿಲ ಮೇಲೆ ಕುಳಿತು ನನ್ನ ಕೈ ಹಿಡಿದುಕೊಂಡಳು.

"ಮೂರು ಸಲ ಹೇಳಿದ್ಲಲ್ಲೇ."

"ಹೂಂ."

"ನಾನು ನಕ್ಕೆ ಕಣೆ. ನನ್ನ ಸೊಸೆಗೆ ಮರ್ಯಾದೆ ಗೊತ್ತು ಅಂತ ನಕ್ಕೆ."

ಕರುಳು ತಾನಾಗಿಯೇ ಬಿಟ್ಟುಕೊಂಡಿತು. ಕಳಿಸಿಕೊಡುವಾಗ ಡಾಕ್ಟರು ಅಕ್ಕನನ್ನೇ ಎದುರು ಕೂರಿಸಿಕೊಂಡು ಹೇಳಿದರು: ಮಾತ್ರೆ ನಿಲ್ಲಿಸಬಾರದು, ಮೆತ್ತಗಿನದನ್ನೇ ಸ್ವಲ್ಪ ಸ್ವಲ್ಪ ಹಲವು ಸಲ ಕೊಡಬೇಕು, ನೋವಿಗೆ ಹೆದರಿ ಊಟ ಬಿಟ್ಟರೆ ಕೂಸು ಸೊರಗುತ್ತದೆ. ಮಗು ಇನ್ನೂ ಚಿಕ್ಕದು, ಮುಂದಿನ ಅಳತೆ ಬಹಳ ಮುಖ್ಯ.

ಮನೆಗೆ ಬಂದ ದಿನವೇ ಅಕ್ಕ ಆ ಬಿಸ್ಕತ್ತಿನ ಡಬ್ಬಿಯನ್ನು ತೊಳೆದು ಬಾಗಿಲ ಹೊಸ್ತಿಲಲ್ಲಿ ಇಟ್ಟಳು. ಸೊಸೆಯನ್ನು ಪಕ್ಕದಲ್ಲಿ ಕೂರಿಸಿಕೊಂಡಳು.

"ಕದ್ದು ತಿಂದ್ರೆ ತಾನೇ ಕೆಟ್ಟದ್ದು? ಕೂಗಿ ತಿನ್ನು" ಎಂದು ಹೇಳಿ, ಬೀದಿಯ ಕೊನೆಯವರೆಗೆ ಕೇಳುವ ಹಾಗೆ "ಬನ್ನಿ, ಉಣ್ಣಿ" ಎಂದು ತಾನೇ ಕೂಗಿದಳು. ಅಂದಿನಿಂದ ಅದೇ ಕೆಲಸ. ಹೊತ್ತಿಗೊಮ್ಮೆ ಬಾಗಿಲು, ಹೊತ್ತಿಗೊಮ್ಮೆ ಕೂಗು. ಸೊಸೆ ಒಂಟಿಯಾಗಿ ತಿನ್ನಬಾರದೆಂದು ಪ್ರತಿ ಸಲವೂ ತಾನೂ ಎರಡು ತುತ್ತು ತಿನ್ನುತ್ತಿದ್ದಳು. ನನ್ನ ನಿದ್ದೆ ಕೆಟ್ಟುಹೋಯಿತು, ಮೀನು ಒಣಗಿಸುವವರಿಗೆ ಆ ಕೂಗೇ ಗಡಿಯಾರವಾಯಿತು. ಹಾದುಹೋಗುವವರು "ಹೊಟ್ಟೆ ತುಂಬಿದೆ" ಎಂದು ಹೇಳಿ ಹೇಳಿ ದಣಿದರು. "ಸಾಕು" ಎಂದು ಸೊಸೆ ಹೇಳಿದ ತಕ್ಷಣ ಅಕ್ಕ ಡಬ್ಬಿ ಮುಚ್ಚುತ್ತಿದ್ದಳು. ಎರಡನೇ ಸಲ ಕೇಳುತ್ತಿರಲಿಲ್ಲ.

ಒಂದು ದಿನ ಸಲಾನಿಯೇತಾ ಕರೆದ ಕೂಡಲೇ ಬಂದು ಕುಳಿತೇಬಿಟ್ಟಳು. ಅಕ್ಕ ಅವಳಿಗೂ ಅದನ್ನೇ ಬಡಿಸಿದಳು.

"ತೆಂಗಿನ ಹಾಲು ಎಲ್ಲಿ?"

"ಮರದಲ್ಲಿದೆ."

ಸಲಾನಿಯೇತಾ ಸಪ್ಪೆ ಮುದ್ದೆಯನ್ನು ಬಾಯಲ್ಲಿ ತಿರುವಿದಳು. ಅಕಾನಿಸಿಯ ತೋಳು ನೋಡಿದಳು, ಡಬ್ಬಿ ನೋಡಿದಳು. "ದಿನಾ ಇದನ್ನೇ ತಿಂತಾಳಾ?" ಎಂದಳು. ಅವಳು ತಟ್ಟೆ ಖಾಲಿ ಮಾಡಿ ಎದ್ದು ಹೋದಳು, ಅವತ್ತು ಒಂದು ಕುಹಕವನ್ನೂ ಆಡಲಿಲ್ಲ.

ಎಲ್ಲ ದಿನವೂ ಒಳ್ಳೆಯ ದಿನವಾಗಿರಲಿಲ್ಲ. ಕೆಲವು ದಿನ ಹುಡುಗಿ ಹೊಟ್ಟೆ ಹಿಡಿದುಕೊಂಡು ಗೋಡೆಗೆ ತಿರುಗಿ ಮಲಗುತ್ತಿದ್ದಳು, ಬರೀ ಮೀನಿನ ತಿಳಿಸಾರು ಒಳಗೆ ಹೋಗುತ್ತಿತ್ತು. ಆ ದಿನಗಳಲ್ಲಿ ಅಕ್ಕ ಬಾಗಿಲಲ್ಲಿ ಕೂಗದೆ ಕುಳಿತಿರುತ್ತಿದ್ದಳು. ಕೂಗು ಕೇಳದಿದ್ದರೆ ಊರಿಗೇ ಭಯವಾಗುತ್ತಿತ್ತು. ಯಾರಾದರೂ ಒಬ್ಬರು ಏನೂ ಕೇಳದೆ ಒಂದು ಮೀನು ಇಟ್ಟು ಹೋಗುತ್ತಿದ್ದರು.

ಅಳತೆಯ ದಿನ ಬಂತು. ಸಿಸ್ಟರ್ ಟೇಪು ಇಟ್ಟಳು, ತೆಗೆದಳು, ಮತ್ತೆ ಇಟ್ಟಳು. ಈ ಎರಡನೇ ಸಲ ಅಳೆಯುವ ಚಾಳಿಯೊಂದನ್ನು ಯಾರಾದರೂ ಅವಳಿಂದ ಬಿಡಿಸಬೇಕು. ಅಕ್ಕ ನನ್ನ ಮಣಿಕಟ್ಟನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದಳೆಂದರೆ ಬೆರಳಿನ ಗುರುತು ಉಳಿಯಿತು.

"ಬೆಳೆದಿದೆ" ಎಂದಳು ಸಿಸ್ಟರ್. "ಇನ್ನೂ ಸಣ್ಣದೇ. ಆದ್ರೆ ಬೆಳೀತಿದೆ. ಮನೇಲೇ ಇರ್ಲಿ, ಹೀಗೇ ತಿನ್ನಿಸಿ." ಆಮೇಲೆ ಅಕ್ಕನನ್ನು ಮೇಲಿಂದ ಕೆಳಗೆ ನೋಡಿ, "ನೀವು ಮಾತ್ರ ಇಬ್ಬರಷ್ಟು ಬೆಳೆದಿದೀರಿ" ಎಂದಳು.

ದೋಣಿ ಇಳಿದು ಮನೆಗೆ ನಡೆದೆವು. ಸಲಾನಿಯೇತಾಳ ಬಾಗಿಲು ತೆರೆದಿತ್ತು, ಒಳಗೆ ಊಟಕ್ಕೆ ಕುಳಿತಿದ್ದರು.

"ಬನ್ನಿ, ಉಣ್ಣಿ."

ಅಕ್ಕ ಅಭ್ಯಾಸಬಲದಿಂದ ಬಾಯಿ ತೆರೆದಳು. ಅಷ್ಟರಲ್ಲಿ ಅಕಾನಿಸಿ ಸಲಾನಿಯೇತಾಳ ಕಡೆ ತಿರುಗಿ ನಿಂತುಬಿಟ್ಟಳು.

"ನಂಗೆ ಹಸಿವಾಗ್ತಿದೆ ಅತ್ತೆ" ಎಂದಳು.

ನಮ್ಮೂರಿನ ದಾರಿಯಲ್ಲಿ ನಿಂತು ಯಾರೂ ಆಡದ ಮಾತು ಅದು. ಒಳಗಿದ್ದವರ ಕೈ ಬಾಯಿಯ ಹತ್ತಿರವೇ ನಿಂತಿತು. ಹುಡುಗಿ ಚಪ್ಪಲಿ ಬಿಟ್ಟು ಒಳಗೆ ಹೋಗಿ ಚಾಪೆಯ ಮೇಲೆ ಕುಳಿತಳು, ನಾವೂ ಹಿಂದೆಯೇ ಹೋದೆವು. ಸಲಾನಿಯೇತಾ ಎದ್ದು ಎಂದಿನಂತೆ ತಟ್ಟೆಯಲ್ಲಿ ಗುಡ್ಡೆ ಹಾಕಿದಳು. ಹಾಕಿ, ಅದನ್ನು ನೋಡುತ್ತ ಒಂದು ಕ್ಷಣ ನಿಂತಳು. ನನ್ನ ಜನ್ಮದಲ್ಲಿ ಬಡಿಸಿದ್ದನ್ನು ವಾಪಸ್ ತೆಗೆದವರನ್ನು ನಾನು ನೋಡಿಲ್ಲ. ಅವಳು ಮರಗೆಣಸನ್ನು ತೆಗೆದು ಪಾತ್ರೆಗೆ ಹಾಕಿದಳು, ಸೊಪ್ಪನ್ನು ತೆಗೆದಳು, ಉಳಿದ ಒಂದು ಚೂರು ಮೀನಿನ ಮುಳ್ಳನ್ನು ಬೆರಳಿನಿಂದ ಒಂದೊಂದಾಗಿ ಬಿಡಿಸಿ ತಟ್ಟೆಯನ್ನು ಹುಡುಗಿಯ ಮುಂದಿಟ್ಟಳು.

"ಇಷ್ಟು ಸಾಕಾ?" ಎಂದು ಕೇಳಿದಳು.

"ಸಾಕು ಅತ್ತೆ" ಎಂದಳು ಅಕಾನಿಸಿ. ಸಲಾನಿಯೇತಾ ಮತ್ತೆ ಕೇಳಲಿಲ್ಲ.